ಕಾಲುವೆಯ ಕೊನೆಯ ಹೊಲದವರಿಗೆ

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಿಂದ ಹೊರಟು ಬೆಂಗಳೂರು, ಹುಬ್ಬಳ್ಳಿ, ಪುಣೆಗಳಲ್ಲಿ ಜಾವಾ ಬರೆದು ಜೀವಿಸುತ್ತಿರುವ ತಮ್ಮಂದಿರಿಗೂ ತಂಗಿಯರಿಗೂ, ಇನ್ನೂ ಊರಲ್ಲಿಯೇ ಇದ್ದು ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಕಲಿಯುತ್ತಿರುವವರಿಗೂ ನಿಮ್ಮ ಹಳೆಯ ಮಾಸ್ತರನ ಆಶೀರ್ವಾದಗಳು.

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ನಿಮ್ಮಲ್ಲಿ ಕೆಲವರು ಕಾಲಕಾಲೇಶ್ವರನ ದರ್ಶನ ಮುಗಿಸಿ, ಗುಡ್ಡವಿಳಿದು, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ, ನಗರದ ಬಾಡಿಗೆ, ನೌಕರಿಯ ಚಂಚಲತೆ, ಮದುವೆಯ ಮಾತುಕತೆ ಮುಂತಾದ ಲೋಕಾಭಿರಾಮವೆಲ್ಲ ತೀರಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಿದ್ದಿರಿ: “ಸರ, ಈ ನೆಟ್‌ಬೀನ್ಸ್‌ನವರು ಜಕಾರ್ತಾಕ್ಕ ಪೂರ್ತಿ ಸಪೋರ್ಟ್ ಯಾವಾಗ ಕೊಡತಾರಂತ್ರಿ?” ಆಗ ನಾನು ಏನೋ ಹಾರಿಕೆಯ ಉತ್ತರ ಕೊಟ್ಟು ಎರಡನೆಯ ಸಲ ಚಹಾಕ್ಕೆ ಹೇಳಿದೆನೆಂದು ನೆನಪು. ಆದರೆ ನೀವು ಹೋದ ಮೇಲೂ ಆ ಪ್ರಶ್ನೆಯೊಳಗಿನ ‘ನವರು’ ಎಂಬ ಎರಡು ಮೂರು ಅಕ್ಷರಗಳು ಕಾಲಲ್ಲಿ ಮುರಿದ ಮುಳ್ಳಿನಂತೆ ಉಳಿದುವು. ಬ್ಯಾಂಕಿನವರು, ಕರೆಂಟಿನವರು, ನೀರಾವರಿಯವರು ಎಂದು ನಾವು ಆಡುವಾಗ ನಮಗಿಂತ ಬೇರೆಯಾದ, ಸಂಬಳ ಪಡೆಯುವ, ಕೊಡಬೇಕಾದುದನ್ನು ಕೊಡದೆ ಕುಳಿತಿರುವ ಯಾರೋ ಎಂಬ ಅರ್ಥ ಅದರಲ್ಲಿ ತಾನಾಗಿಯೇ ಸೇರಿಕೊಳ್ಳುವುದಷ್ಟೆ. ನೆಟ್‌ಬೀನ್ಸ್ ಎಂಬ ಜಾವಾ ಎಡಿಟರಿನ ವಿಷಯದಲ್ಲಿ ಆ ‘ನವರು’ ಯಾರು ಎಂಬುದನ್ನು ಹುಡುಕಿಕೊಂಡು ಹೊರಟು, ಹುಡುಕಿದ್ದನ್ನು ಒಬ್ಬೊಬ್ಬರಿಗೆ ಬರೆಯುವುದಕ್ಕಿಂತ ಎಲ್ಲರಿಗೂ ಕೂಡಿಯೇ ಬರೆಯುವುದು ಉಚಿತವೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ಒಂದು ಕಾಲದಲ್ಲಿ ಆ ‘ನವರು’ ಯಾರೆಂಬುದಕ್ಕೆ ಸ್ಪಷ್ಟವಾದ ಉತ್ತರವಿದ್ದಿತು. 1996ರಲ್ಲಿ ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಅಭ್ಯಾಸದ ಪ್ರಾಜೆಕ್ಟಾಗಿ, ಕ್ಸೆಲ್ಫಿ ಎಂಬ ಹೆಸರಿನಿಂದ, ಈ ಎಡಿಟರನ್ನು ಬರೆಯಲು ತೊಡಗಿದರು. ನೀವು ಕೊನೆಯ ವರ್ಷದಲ್ಲಿ ಮಾಡಿ, ಅಂಕ ಪಡೆದು, ಮರೆತುಬಿಟ್ಟ ಪ್ರಾಜೆಕ್ಟುಗಳ ಜಾತಿಯದೇ ಅದು ಎಂಬುದನ್ನು ಗಮನಿಸಿರಿ. 1999ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಅದನ್ನು ಕೊಂಡು, ಮರುವರ್ಷವೇ ಅದರ ಮೂಲಸಂಕೇತವನ್ನು ಲೋಕಕ್ಕೆ ತೆರೆದಿಟ್ಟಿತು. ಆ ದಿನಗಳಲ್ಲಿ ‘ನೆಟ್‌ಬೀನ್ಸ್‌ನವರು’ ಎಂದರೆ ಸನ್ ಸಂಸ್ಥೆಯ ಸಂಬಳದ ಜನ. ಅದರ ಜೊತೆಗೇ ಬಳಕೆಯಾಗುತ್ತಿದ್ದ ಗ್ಲಾಸ್‌ಫಿಶ್ ಸರ್ವರಿನ ಕೆಲಸದ ಒಂದು ಪಾಲು ನಮ್ಮ ಬೆಂಗಳೂರಿನಲ್ಲಿಯೇ, ಸನ್ನಿನ ಎಂಜಿನಿಯರಿಂಗ್ ಕೇಂದ್ರದಲ್ಲಿ, ನಡೆಯುತ್ತಿತ್ತು. 2010ರಲ್ಲಿ ಸನ್ನನ್ನು ಒರಾಕಲ್ ಕೊಂಡಿತು. ಆಮೇಲೆ ಆರು ವರ್ಷ ಸಾಕಿ, 2016ರಲ್ಲಿ ನೆಟ್‌ಬೀನ್ಸನ್ನು ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿಗೆ ದಾನವಾಗಿ ಕೊಡುವುದಾಗಿ ಸಾರಿತು. 2019ರ ಏಪ್ರಿಲಿನಲ್ಲಿ ಅದು ಅಪಾಚೆಯ ಪೂರ್ಣಪ್ರಮಾಣದ ಯೋಜನೆಯಾಯಿತು. ಅಪಾಚೆ ಯಾವ ಪ್ರೋಗ್ರಾಮರನಿಗೂ ಕೋಡು ಬರೆಯಲೆಂದು ಸಂಬಳ ಕೊಡುವುದಿಲ್ಲ. ಆದುದರಿಂದ ಅಂದಿನಿಂದ ಆ ‘ನವರು’ ಎಂಬ ಪದಕ್ಕೆ, ಬಂದು ಕೈಹಚ್ಚಿದವರು ಎಂಬುದೊಂದೇ ಅರ್ಥ ಉಳಿದಿದೆ.

ಇನ್ನು ಜಕಾರ್ತಾದ ಕಥೆ. ನಿಮ್ಮಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿ ಓದಿದವರು ಐದನೆಯ ಸೆಮಿಸ್ಟರಿನಲ್ಲಿ ‘ಅಡ್ವಾನ್ಸ್ಡ್ ಜಾವಾ ಆಂಡ್ ಜೆ2ಇಇ’ ಎಂಬ ಐಚ್ಛಿಕ ವಿಷಯವನ್ನು ಆರಿಸಿಕೊಂಡಿರಬಹುದು. ದೊಡ್ಡ ದೊಡ್ಡ ಸಂಸ್ಥೆಗಳ ವ್ಯವಹಾರಕ್ಕೆ ಬೇಕಾದ ಡೇಟಾಬೇಸಿನ ಒಡನಾಟ, ವಹಿವಾಟಿನ ಭದ್ರತೆ, ವೆಬ್‌ ಪುಟಗಳ ನಿರ್ಮಾಣ ಮುಂತಾದುವನ್ನು ಪ್ರತಿಯೊಬ್ಬನೂ ಹೊಸದಾಗಿ ಬರೆಯದೆ ಒಂದೇ ಕರಾರಿನ ಮೇಲೆ ಎಲ್ಲ ಸರ್ವರುಗಳಲ್ಲಿಯೂ ಓಡಿಸುವಂತಾಗಲೆಂದು 1999ರ ಡಿಸೆಂಬರಿನಲ್ಲಿ ಸನ್ ಹೊರಡಿಸಿದ ನಿಯಮಸಂಹಿತೆಗೆ ಜೆ2ಇಇ ಎಂದು ಹೆಸರು. 2006ರಲ್ಲಿ ಆ ಹೆಸರು ಹೋಗಿ ಜಾವಾ ಇಇ ಎಂದಾಯಿತು. ನಮ್ಮ ಪಠ್ಯಕ್ರಮದಲ್ಲಿ ಮಾತ್ರ ಅದು ಒಂಬತ್ತು ವರ್ಷಗಳ ಅನಂತರವೂ ಸುಖವಾಗಿ ಬಾಳಿಕೊಂಡಿದ್ದಿತು. 2017ರಲ್ಲಿ ಒರಾಕಲ್ ಇದನ್ನೂ ಕೈಬಿಟ್ಟು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಿತು. ವಸ್ತುವನ್ನು ಕೊಟ್ಟಿತೇ ಹೊರತು ‘ಜಾವಾ’ ಎಂಬ ಹೆಸರನ್ನು ಕೊಡಲಿಲ್ಲವಾದುದರಿಂದ, 2018ರಲ್ಲಿ ಎರಡು ಹೆಸರುಗಳನ್ನು ಜನರ ಮತಕ್ಕಿಟ್ಟು ಜಕಾರ್ತಾ ಇಇ ಎಂದು ನಾಮಕರಣ ಮಾಡಿದರು. ಜಾವಾ ದ್ವೀಪದ ಹೆಸರು ದಕ್ಕದಿದ್ದವರು ಅದೇ ದ್ವೀಪದೊಳಗಿನ ಪಟ್ಟಣದ ಹೆಸರನ್ನು ಇಟ್ಟುಕೊಂಡ ಈ ಚಮತ್ಕಾರಕ್ಕೆ ನಾನು ಮನಸಾರೆ ನಕ್ಕಿದ್ದೇನೆ.

ನಗು ಬಹುಕಾಲ ಉಳಿಯಲಿಲ್ಲ. ಹಳೆಯ ಪ್ಯಾಕೇಜುಗಳೆಲ್ಲ ‘ಜಾವಾಎಕ್ಸ್’ ಎಂಬ ಮೊದಲ ಹೆಸರಿನಿಂದ ಆರಂಭವಾಗುತ್ತಿದ್ದುವಲ್ಲ, ಆ ಹೆಸರಿನಡಿಯಲ್ಲಿ ಹೊಸದೇನನ್ನೂ ಸೇರಿಸಲು ಎಕ್ಲಿಪ್ಸಿಗೆ ಅನುಮತಿಯಿಲ್ಲವೆಂದು 2019ರ ಮೇ ತಿಂಗಳಲ್ಲಿ ಇತ್ಯರ್ಥವಾಯಿತು. ಬೇರೆ ದಾರಿಯಿಲ್ಲದೆ 2020ರ ಡಿಸೆಂಬರಿನಲ್ಲಿ ಬಂದ ಜಕಾರ್ತಾ ಇಇ 9 ಮಾಡಿದ ಮುಖ್ಯ ಕೆಲಸವೆಂದರೆ, ಹೊಸ ಸಾಮರ್ಥ್ಯವನ್ನು ಪ್ರಾಯಶಃ ಏನನ್ನೂ ಕೂಡಿಸದೆ, ಆ ಎಲ್ಲ ಪ್ಯಾಕೇಜುಗಳ ಮೊದಲ ಹೆಸರನ್ನು ‘ಜಕಾರ್ತಾ’ ಎಂದು ಬದಲಿಸಿದ್ದು. ಟಾಮ್‌ಕ್ಯಾಟ್ ಎಂಬ ಸರ್ವರಿನ 9ನೆಯ ಆವೃತ್ತಿ ಹಳೆಯ ಹೆಸರಿನದು. ಟಾಮ್‌ಕ್ಯಾಟ್ 10 ಹೊಸ ಹೆಸರಿನದು. ಇದರ ರುಚಿಯನ್ನು ನಾನು ಕಂಡದ್ದು 2021ರ ಒಂದು ಮಧ್ಯಾಹ್ನ, ಇಲ್ಲಿನ ಒಂದು ಕಾಲೇಜಿನ ಲ್ಯಾಬಿನಲ್ಲಿ. ನೇಕಾರರ ಸಂಘವೊಂದಕ್ಕೆ ನೂಲಿನ ಲೆಕ್ಕ ಇಡುವ ಪ್ರಾಜೆಕ್ಟನ್ನು ನಾಲ್ವರು ವಿದ್ಯಾರ್ಥಿಗಳು ಮಾಡಿದ್ದರು. ಒಂದು ಕಂಪ್ಯೂಟರಿನಲ್ಲಿ ಲಕ್ಷಣವಾಗಿ ಓಡುತ್ತಿದ್ದ ಅದನ್ನು, ಹೊಸ ಟಾಮ್‌ಕ್ಯಾಟನ್ನು ಹಾಕಿದ್ದ ಪಕ್ಕದ ಕಂಪ್ಯೂಟರಿಗೆ ಒಯ್ದಾಗ 404 ಎಂದಿತು. ಕೆಂಪು ಗೆರೆಯಿಲ್ಲ, ದೋಷದ ವರದಿಯಿಲ್ಲ, ಸರ್ವರು ಶಾಂತವಾಗಿ ನಡೆಯುತ್ತಿದೆ, ಪುಟ ಮಾತ್ರ ಇಲ್ಲ. ವಿಳಾಸದ ಕಾಗುಣಿತ ನೋಡಿದರು, ಸರ್ವರನ್ನು ನಿಲ್ಲಿಸಿ ಮತ್ತೆ ಹಚ್ಚಿದರು, ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದರು. ನಡುವೆ ಕರೆಂಟು ಹೋಗಿ ಬಂದಿತು. ಹೊಸ ಸರ್ವರು ಹೊಸ ಹೆಸರಿನ ಸರ್ವ್‌ಲೆಟ್ಟುಗಳನ್ನು ಮಾತ್ರ ಹುಡುಕುತ್ತದೆ, ಹಳೆಯ ಹೆಸರಿನದು ಅದರ ಕಣ್ಣಿಗೇ ಬೀಳುವುದಿಲ್ಲ ಎಂಬುದು ನಮಗೆ ತಿಳಿದದ್ದು ಮರುದಿನ.

ತಿಳಿದ ಕೂಡಲೆ ಆ ನಾಲ್ವರಲ್ಲಿ ಒಬ್ಬ ಹುಡುಗಿ ಇಡೀ ಪ್ರಾಜೆಕ್ಟಿನಲ್ಲಿದ್ದ ಜಾವಾಎಕ್ಸುಗಳನ್ನೆಲ್ಲ ಒಂದೇ ಏಟಿಗೆ ಜಕಾರ್ತಾ ಮಾಡಿಬಿಟ್ಟಳು. ಈಗ ಕೆಂಪು ಗೆರೆಗಳು ಬಂದುವು, ಬೇಕಾದಷ್ಟು. ಏಕೆಂದರೆ ಡೇಟಾಬೇಸಿನ ಸಂಪರ್ಕಕ್ಕಿರುವ ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್, ಹೆಸರು ಹುಡುಕುವ ಜಾವಾಎಕ್ಸ್ ಡಾಟ್ ನೇಮಿಂಗ್, ಕಿಟಕಿ ಬಿಡಿಸುವ ಸ್ವಿಂಗ್ ಇವೆಲ್ಲ ಮೂಲ ಜಾವಾದ ಆಸ್ತಿ. ಅವು ಹೆಸರು ಬದಲಿಸಿಲ್ಲ, ಬದಲಿಸುವುದೂ ಇಲ್ಲ. ಅಂಥವನ್ನು ಒಂದೊಂದಾಗಿ ಹುಡುಕಿ ಹಿಂದಕ್ಕೆ ತರುವಷ್ಟರಲ್ಲಿ ಸಂಜೆಯಾಯಿತು.

ಅವಳ ಪಕ್ಕದಲ್ಲಿ ಕುಳಿತಿದ್ದ ನನಗೆ ನಮ್ಮ ತಂದೆಯ ಮಗ್ಗ ನೆನಪಾಯಿತು. ಪಟ್ಟೇದ ಅಂಚಿನ ಸೀರೆ ನೇಯುತ್ತಿದ್ದವರು ಅವರು. ಒಂದು ಹಾಸು ಮುಗಿದಾಗ, ಹಣಿಗೆಯಲ್ಲಿ ಪೋಣಿಸಿಕೊಂಡಿರುವ ಹಳೆಯ ಎಳೆಗಳ ತುದಿಗಳನ್ನು ಹಾಗೆಯೇ ಉಳಿಸಿಕೊಂಡು, ಹೊಸ ಹಾಸಿನ ಎಳೆಗಳನ್ನು ಅವಕ್ಕೆ ಒಂದೊಂದಾಗಿ ಸೇರಿಸಿ, ಬೂದಿ ಮುಟ್ಟಿದ ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆಯುವ ಕೆಲಸಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಒಂದೂ ಅದಲು ಬದಲಾಗಕೂಡದು. ಬೆಳಗಿನಿಂದ ಕುಳಿತರೂ ಒಂದಂಗುಲ ಬಟ್ಟೆ ಹುಟ್ಟುವುದಿಲ್ಲ. ನೋಡಿದವರಿಗೆ ಇವರು ದಿನವೆಲ್ಲ ಸುಮ್ಮನೆ ಕುಳಿತಿದ್ದರೆಂದೇ ತೋರುತ್ತದೆ. “ಎಳಿ ಬಿಟ್ಟರ ಸೀರಿ ಕೊನಿತನಕ ಗೆರಿ ಬೀಳತೈತಿ” ಎಂದು ಅವರು ನನ್ನನ್ನು ಗದರಿಸುತ್ತಿದ್ದರು. ಜಕಾರ್ತಾ 9 ಎಂಬುದು ಇಂಥ ಕೆಚ್ಚುವ ಕೆಲಸ. ಮೂಲದ ನಿಯಮಸಂಹಿತೆಯವರು ಅದನ್ನು ಮುಗಿಸಿದರು. ಆದರೆ ಅದನ್ನು ನಂಬಿಕೊಂಡ ಪ್ರತಿಯೊಂದು ಸರ್ವರು, ಪ್ರತಿಯೊಂದು ಲೈಬ್ರರಿ, ಪ್ರತಿಯೊಂದು ಎಡಿಟರು ತನ್ನ ಮಗ್ಗದಲ್ಲಿ ತಾನು ಮತ್ತೆ ಕೆಚ್ಚಬೇಕಾಯಿತು.

ಎಡಿಟರಿನ ಪಾಲಿಗೆ ಬಂದ ಎಳೆಗಳು ಯಾವುವೆಂದು ನೀವು ಯೋಚಿಸಿರಲಿಕ್ಕಿಲ್ಲ, ನಾನೂ ಯೋಚಿಸಿರಲಿಲ್ಲ. ಹೊಸ ಪ್ರಾಜೆಕ್ಟು ಆರಂಭಿಸುವಾಗ ಕಾಣುವ ಆವೃತ್ತಿಗಳ ಪಟ್ಟಿಗೆ ‘ಜಕಾರ್ತಾ ಇಇ 9’ ಎಂಬ ಸಾಲನ್ನು ಸೇರಿಸುವುದು ಅರ್ಧ ಗಂಟೆಯ ಕೆಲಸವಿರಬಹುದು. ಆದರೆ ಅದನ್ನು ಆರಿಸಿಕೊಂಡ ಮೇಲೆ ಹುಟ್ಟುವ ವೆಬ್ ಡಾಟ್ ಎಕ್ಸ್‌ಎಂಎಲ್ ಕಡತದ ಶಿರೋಭಾಗದಲ್ಲಿ ಹೊಸ ವಿಳಾಸವಿರಬೇಕು. ಡೇಟಾಬೇಸಿನ ಕೋಷ್ಟಕಗಳಿಂದ ಎಂಟಿಟಿ ಕ್ಲಾಸುಗಳನ್ನು ತಯಾರಿಸಿಕೊಡುವ ವಿಝಾರ್ಡು ಹೊಸ ಇಂಪೋರ್ಟುಗಳನ್ನು ಬರೆಯಬೇಕು. ರೆಸ್ಟ್ ಸೇವೆಯ ಮಾದರಿಗಳು, ಟೈಪು ಮಾಡುವಾಗ ಮೂಡುವ ಸೂಚನೆಗಳು, ತಪ್ಪಿಗೆ ಕೆಂಪು ಗೆರೆ ಎಳೆಯುವ ಪರೀಕ್ಷೆಗಳು ಇವೆಲ್ಲವೂ ಈ ಪ್ರಾಜೆಕ್ಟು ಹಳೆಯದೋ ಹೊಸದೋ ಎಂದು ತಿಳಿದು ವರ್ತಿಸಬೇಕು. ಗ್ಲಾಸ್‌ಫಿಶ್, ಪಯಾರಾ, ವೈಲ್ಡ್‌ಫ್ಲೈ, ಟಾಮ್‌ಕ್ಯಾಟ್ ಈ ಸರ್ವರುಗಳ ಯಾವ ಆವೃತ್ತಿ ಯಾವ ಸಂಹಿತೆಯನ್ನು ಓಡಿಸುವುದೆಂಬ ಜ್ಞಾನ ಎಡಿಟರಿಗಿರಬೇಕು. ಇಷ್ಟನ್ನೂ ಪ್ರಾಜೆಕ್ಟು ಕಟ್ಟುವ ಸಾಧನಗಳ ಪೈಕಿ ಮೇವನ್ನಿನಲ್ಲಿ ಒಮ್ಮೆ, ಗ್ರೇಡಲ್‌ನಲ್ಲಿ ಒಮ್ಮೆ, ಹಳೆಯ ಆಂಟ್‌ನಲ್ಲಿ ಒಮ್ಮೆ ಸರಿಪಡಿಸಬೇಕು. ಇದೆಲ್ಲ ಆಯಿತೆನ್ನುವಷ್ಟರಲ್ಲಿ 2022ರ ಸೆಪ್ಟೆಂಬರಿನಲ್ಲಿ ಜಕಾರ್ತಾ 10 ಬಂದು, ಫೇಸಸ್ ಪುಟಗಳ ಟ್ಯಾಗುಗಳಿಗಿದ್ದ ವಿಳಾಸಗಳನ್ನೂ ಬದಲಿಸಿತು. 2025ರಲ್ಲಿ ಜಕಾರ್ತಾ 11 ಬಂದು, ಕನಿಷ್ಠ ಜಾವಾ 17 ಬೇಕೆಂದಿತು.

ನರಗುಂದದ ಕಡೆಯ ನಿಮಗೆ ಇದನ್ನು ನಾನು ಬೇರೆ ರೀತಿಯಿಂದ ಹೇಳಬಲ್ಲೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ನಕ್ಷೆಯಲ್ಲಿ ನಿಮ್ಮ ಅಜ್ಜಂದಿರ ಹೊಲಗಳೆಲ್ಲ ನೀರಾವರಿಯ ಹೊಲಗಳಾದುವು. ನೀರಾವರಿಯಾಯಿತೆಂದು ಬೆಟರ್‌ಮೆಂಟ್ ಲೆವಿಯನ್ನೂ ಹಾಕಿದರು. ಕಾಲುವೆಯ ಕೊನೆಯ ಹೊಲಕ್ಕೆ ಮಾತ್ರ ನೀರು ಬರಲಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಬಂಡಾಯದ ವೇಳೆ ನಡೆದುದನ್ನು, ಹೋದ ಜೀವಗಳನ್ನು, ಒಂದು ಎಡಿಟರಿನ ಕಥೆಗೆ ಹೋಲಿಸುವ ಉದ್ಧಟತನ ನನಗಿಲ್ಲ. ಕಾಲುವೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ. ‘ಬೆಂಬಲ’ ಎಂಬುದು ತೂಬು ತೆರೆದ ಕ್ಷಣಕ್ಕೆ ಎಲ್ಲೆಡೆ ಬಂದುಬಿಡುವ ವಸ್ತುವಲ್ಲ. ನಕ್ಷೆಯಲ್ಲಿ ನೀರಿದ್ದು ಹೊಲದಲ್ಲಿ ಇಲ್ಲದಿರುವುದು ಸಾಫ್ಟ್‌ವೇರಿನಲ್ಲಿಯೂ ನಿತ್ಯದ ಸಂಗತಿ. ನೀರು ಎಲ್ಲಿ ನಿಂತಿದೆ ಎಂಬುದು ತೂಬಿನ ಬಳಿ ನಿಂತವನಿಗೆ ಕಾಣುವುದಿಲ್ಲ, ಒಣಹೊಲದ ಬದುವಿನ ಮೇಲೆ ನಿಂತವನಿಗೆ ಕಾಣುತ್ತದೆ. ನಾಲ್ಕು ಜಿಬಿಯ ಹಳೆಯ ಕಂಪ್ಯೂಟರು, ಆಂಟ್‌ನಲ್ಲಿ ಬರೆದ ಹಳೆಯ ಪ್ರಾಜೆಕ್ಟು, ಜೆ2ಇಇ ಎನ್ನುವ ಪ್ರಶ್ನೆಪತ್ರಿಕೆ ಇವುಗಳ ನಡುವೆ ಬೆಳೆದ ನಾವು ಆ ಕೊನೆಯ ಹೊಲದವರು.

ಹಾಗಾದರೆ ಮುಂದಿನ ಬಿಡುಗಡೆಯಲ್ಲಿ ಏನಿರಬೇಕು, ಏನಿರಬಾರದು ಎಂದು ಯೋಜಿಸುವವರು ಯಾರು? ನೆಟ್‌ಬೀನ್ಸಿಗೆ ಈಗ ಸುಮಾರು ಮೂರು ತಿಂಗಳಿಗೊಂದು ಬಿಡುಗಡೆ. ಒಬ್ಬ ಸ್ವಯಂಸೇವಕ ಆ ಸಲದ ಬಿಡುಗಡೆಯ ಮೇಲ್ವಿಚಾರಣೆಯನ್ನು ಹೊತ್ತುಕೊಂಡು, ಇಂಥ ದಿನದ ಮೇಲೆ ಹೊಸ ಗುಣಗಳನ್ನು ಸೇರಿಸಿಕೊಳ್ಳುವುದಿಲ್ಲವೆಂದು ಸಾರುತ್ತಾನೆ. ಅಷ್ಟರೊಳಗೆ ಯಾರ ಬರವಣಿಗೆ ಬಂದು ಪರಿಶೀಲನೆಯಲ್ಲಿ ತೇರ್ಗಡೆಯಾಗಿದೆಯೋ ಅದು ಆ ಬಂಡಿಯಲ್ಲಿ, ಉಳಿದುದು ಮುಂದಿನ ಬಂಡಿಯಲ್ಲಿ. ಕೊನೆಗೆ ಮತಕ್ಕಿಡುತ್ತಾರೆ: ಸಾಮಾನ್ಯವಾಗಿ ಕನಿಷ್ಠ 72 ಗಂಟೆಗಳ ಅವಧಿ, ಆಡಳಿತ ಸಮಿತಿಯವರದು ಕನಿಷ್ಠ ಮೂರು ಒಪ್ಪಿಗೆಯ ಮತ, ವಿರೋಧಕ್ಕಿಂತ ಒಪ್ಪಿಗೆ ಹೆಚ್ಚು. ಸಮಿತಿಯ ಹೊರಗಿನವರೂ ಮತ ಹಾಕಬಹುದು. ಅದಕ್ಕೆ ಬಂಧಕಶಕ್ತಿಯಿಲ್ಲವಾದರೂ, ‘ನನ್ನ ಯಂತ್ರದಲ್ಲಿ ಗ್ಲಾಸ್‌ಫಿಶ್ ಓಡಲಿಲ್ಲ’ ಎಂದು ಕಾರಣಸಹಿತ ಬರೆದವನ ಮತವನ್ನು ಯಾರೂ ತಳ್ಳಿಹಾಕುವುದಿಲ್ಲ. ಯೋಜನೆಯೆಂದು ನೀವು ಭಾವಿಸಿದ ದೊಡ್ಡ ಗ್ರಂಥವೇನೂ ಅಲ್ಲಿಲ್ಲ. ಎದುರಿಗೆ ಒಬ್ಬನ ಹೆಸರು ಬರುವವರೆಗೆ ಪ್ರತಿಯೊಂದು ಸಾಲೂ ಬರಿಯ ಬಯಕೆ.

ಇಂಥ ಬಯಕೆ ಕೈಗೂಡಲು ಕಾಲ ಬೇಕು. 2018ರ ಜುಲೈಯಲ್ಲಿ ಅಪಾಚೆಯ ಮೊದಲ ಬಿಡುಗಡೆಯಾದ ನೆಟ್‌ಬೀನ್ಸಿನ 9ನೆಯ ಆವೃತ್ತಿ ಬಂದಾಗ ಅದರಲ್ಲಿ ಜಾವಾ ಇಇಗೆ ಬೇಕಾದ ಎಂಟರ್‌ಪ್ರೈಸ್ ಭಾಗವೇ ಇರಲಿಲ್ಲ ಎಂಬುದು ನಿಮಗೆ ನೆನಪಿರಬಹುದು. ಒರಾಕಲ್ ಕಂತುಗಳಲ್ಲಿ ದಾನ ಕೊಡುತ್ತಿದ್ದುದರಿಂದ, ಆ ಭಾಗ ಬಂದು, ಲೈಸೆನ್ಸಿನ ತೊಡಕುಗಳು ಬಗೆಹರಿದು, 2019ರ 11ನೆಯ ಸರಣಿಯಲ್ಲಿ ಮರಳಿ ಕಾಣಿಸಿಕೊಂಡಿತು. ಆ ನಡುವಣ ಕಾಲದಲ್ಲಿ ನಮ್ಮ ಕಾಲೇಜುಗಳು 2016ರ 8.2ನ್ನೇ ಹಿಡಿದು ಕುಳಿತುವು. ಕೆಲವು ಇನ್ನೂ ಎದ್ದಿಲ್ಲ.

ಕೈಹಚ್ಚಿದವರೇ ನಡೆಸುವ ಇಂಥ ವ್ಯವಸ್ಥೆ ನಮ್ಮ ಸೀಮೆಗೆ ಅಪರಿಚಿತವೆಂದು ಹೇಳಬೇಡಿರಿ. 1904ರಲ್ಲಿ ಸಹಕಾರಿ ಕಾಯ್ದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಅಂಥ ಸಂಘದಲ್ಲಿ ಸಾಲ ಕೊಡುವ ಸಾಹುಕಾರನೆಂಬುವನು ಬೇರೆ ಇರುವುದಿಲ್ಲ, ಪಡೆಯುವವರೇ ಕೊಡುವವರು. ‘ಸಂಘದವರು ಸಾಲ ಯಾವಾಗ ಕೊಡತಾರ’ ಎಂದು ಸಭಾಸದನೊಬ್ಬ ಕೇಳಿದರೆ, ಸಭೆಗೆ ಯಾಕೆ ಬರಲಿಲ್ಲ ಎಂದು ಉಳಿದವರು ಕೇಳಿಯಾರು. ನಿಮ್ಮ ದೀಪಾವಳಿಯ ಪ್ರಶ್ನೆಗೆ ನಾನು ಅಂದು ಕೊಡಬೇಕಾಗಿದ್ದ ಉತ್ತರ ಇದು. ಮೂರು ತಿಂಗಳು ತಡವಾಯಿತು.

ಯೋಜನೆಯ ಬಗ್ಗೆ ನನ್ನದೂ ಒಂದು ಅಭಿಪ್ರಾಯವುಂಟು, ನೀವು ಒಪ್ಪದಿರಬಹುದು. ಹೊಸ ಸಂಹಿತೆ ಹೊರಬಿದ್ದ ವಾರವೇ ಅದು ಎಡಿಟರಿನಲ್ಲಿ ಇರಬೇಕೆಂಬ ಆತುರ ನಗರದ ಆತುರ. ನಿಮ್ಮ ಕಂಪನಿಗಳೇ ಇನ್ನೂ ಜಾವಾ ಇಇ 7, 8ರ ಕೋಡನ್ನು ಹೊತ್ತುಕೊಂಡು ನಡೆಯುತ್ತಿವೆಯೆಂದು ನೀವೇ ಹೇಳಿದ್ದೀರಿ. ಆದುದರಿಂದ ಹೊಸ ಹೊಸ ಆವೃತ್ತಿಗಳನ್ನು ಪಟ್ಟಿಗೆ ಸೇರಿಸುವುದಕ್ಕಿಂತ ಮೊದಲು ಎಂಟರಿಂದ ಹತ್ತಕ್ಕೆ ಹೋಗುವವನ ಕೈಹಿಡಿದು ನಡೆಸುವ ಸಾಧನವನ್ನು, ಎಂದರೆ ಯಾವ ಜಾವಾಎಕ್ಸ್ ಬದಲಾಗಬೇಕು, ಯಾವುದು ಹಾಗೆಯೇ ಉಳಿಯಬೇಕು ಎಂದು ತಿಳಿದು ಬದಲಿಸುವುದನ್ನು, ಗಟ್ಟಿಮಾಡಬೇಕೆಂದು ನನ್ನ ಮತ. ಹಳೆಯ ಆವೃತ್ತಿಗಳ ಮಾದರಿಗಳನ್ನು ಕಿತ್ತುಹಾಕಿ ಮನೆ ಚೊಕ್ಕಟಮಾಡಬೇಕೆನ್ನುವವರ ವಾದವೂ ನನಗೆ ತಿಳಿಯುತ್ತದೆ. ಪ್ರತಿಯೊಂದು ಹಳೆಯದನ್ನೂ ಯಾರೋ ಪರೀಕ್ಷಿಸುತ್ತಲೇ ಇರಬೇಕಾಗುತ್ತದೆ, ಆ ಯಾರೋ ದಣಿಯುತ್ತಾರೆ. ಆ ದಣಿವನ್ನು ಹಂಚಿಕೊಳ್ಳದೆ ಹಳೆಯದನ್ನು ಉಳಿಸಿರೆಂದು ಇಲ್ಲಿಂದ ಕೂಗುವುದು ಮಾತ್ರ ನನಗೆ ಸರಿಯೆನಿಸುವುದಿಲ್ಲ.

“ನಮ್ಮ ಇಂಗ್ಲಿಷು ಅಷ್ಟಕ್ಕಷ್ಟೆ, ಅಲ್ಲಿ ಬರೆದರೆ ನಗುತ್ತಾರೆ” ಎಂದು ನಿಮ್ಮಲ್ಲೊಬ್ಬ ಅಂದದ್ದೂ ನೆನಪಿದೆ. ದೋಷದ ವರದಿಗೆ ಬೇಕಾದುದು ನಾಲ್ಕು ಸಂಗತಿಗಳು: ಯಾವ ಆವೃತ್ತಿ, ಏನು ಮಾಡಿದೆ, ಏನು ಆಗಬೇಕಿತ್ತು, ಏನು ಆಯಿತು. ಇದರಲ್ಲಿ ಅಲಂಕಾರಕ್ಕೆ ಎಡೆಯೇ ಇಲ್ಲ. ಈ ಎಡಿಟರಿನ ತವರಾದ ಪ್ರಾಗ್‌ನ ಮಾತೃಭಾಷೆಯೂ ಇಂಗ್ಲಿಷಲ್ಲ. ಕೋಡನ್ನೇ ಕಳುಹಿಸುವಷ್ಟು ಮುಂದುವರಿದವರು ಕೊಡುಗೆದಾರರ ಒಪ್ಪಂದಪತ್ರವೊಂದಕ್ಕೆ ಸಹಿ ಹಾಕಬೇಕಾದೀತು. ಅದಕ್ಕೆ ಹಣ ಬೀಳುವುದಿಲ್ಲ, ವಕೀಲನೂ ಬೇಡ.

ಮುಂದಿನ ಬಿಡುಗಡೆಯ ಪರೀಕ್ಷಾರ್ಥ ಪ್ರತಿ ಹೊರಬಂದ ಕೂಡಲೆ ಹೀಗೆ ಮಾಡೋಣವೆಂದಿದ್ದೇನೆ. ಜಾವಾ ಇಇ 8, ಜಕಾರ್ತಾ 9.1, 10, 11 ಈ ನಾಲ್ಕಕ್ಕೂ ಒಂದೊಂದು ಖಾಲಿ ಪ್ರಾಜೆಕ್ಟನ್ನು ತೆರೆದು, ಒಂದು ಎಂಟಿಟಿ, ಒಂದು ಸರ್ವ್‌ಲೆಟ್, ಒಂದು ರೆಸ್ಟ್ ಸೇವೆಯನ್ನು ವಿಝಾರ್ಡಿನಿಂದಲೇ ಮಾಡಿಸಿ, ಹುಟ್ಟಿದ ಕಡತಗಳ ತಲೆಯಲ್ಲಿ ಯಾವ ಹೆಸರು ಬಂದಿದೆ ನೋಡುವುದು. ಬಳಿಕ ಸರ್ವರಿಗೆ ಏರಿಸಿ, ಪುಟ ಬಂದಿತೋ 404 ಬಂದಿತೋ ಬರೆದುಕೊಳ್ಳುವುದು. ಟಾಮ್‌ಕ್ಯಾಟ್ 9 ಮತ್ತು 10 ನನಗಿರಲಿ. ನನ್ನ ಹಳೆಯ ಲ್ಯಾಪ್‌ಟಾಪು ಅಷ್ಟನ್ನು ತಾಳುತ್ತದೆ. ಗ್ಲಾಸ್‌ಫಿಶ್ ಹಚ್ಚಿದರೆ ಅದರ ಫ್ಯಾನು ಗುಡ್ಡದ ಮೇಲಿನ ಗಾಳಿಯಂತ್ರದಂತೆ ತಿರುಗಲಾರಂಭಿಸುತ್ತದೆಯಾದುದರಿಂದ ಅದನ್ನು ಹುಬ್ಬಳ್ಳಿಯವರು ಯಾರಾದರೂ ವಹಿಸಿಕೊಳ್ಳಿರಿ. ಪಯಾರಾ ಪುಣೆಯವರಿಗೆ, ವೈಲ್ಡ್‌ಫ್ಲೈ ಬೆಂಗಳೂರಿನವರಿಗೆ. ಆಂಟ್‌ನ ಹಳೆಯ ಪ್ರಾಜೆಕ್ಟುಗಳನ್ನು ಊರಲ್ಲಿ ಇರುವ ವಿದ್ಯಾರ್ಥಿಗಳು ನೋಡಲಿ. ಅವರ ಬಳಿ ಬೇಕಾದಷ್ಟಿವೆ. ನೂಲಿನ ಲೆಕ್ಕದ ಆ ಪ್ರಾಜೆಕ್ಟನ್ನು ಬರೆದ ಹುಡುಗಿ ಈಗ ನಿಮ್ಮಲ್ಲೊಬ್ಬಳಾಗಿರುವಳಷ್ಟೆ. ಆ ಪ್ರಾಜೆಕ್ಟಿನ ಪ್ರತಿಯೊಂದು ನನ್ನಲ್ಲಿದೆ, ಬೇಕಾದರೆ ಕಳುಹಿಸುತ್ತೇನೆ, ಅದರಲ್ಲಿ ಅವಳು ಕೈಯಿಂದ ಸರಿಪಡಿಸಿದ ಸಾಲುಗಳೆಲ್ಲ ಹಾಗೆಯೇ ಇವೆ.

ಯಾರು ಯಾವುದನ್ನು ವಹಿಸಿಕೊಳ್ಳುವಿರೆಂದು ಯುಗಾದಿಗೆ ಊರಿಗೆ ಬರುವ ಮುಂಚೆಯೇ ತಿಳಿಸಿರಿ.

ಇತಿ,
ನಿಮ್ಮ ಮಾಸ್ತರ,
ಗಜೇಂದ್ರಗಡ